ನಾಗಲಿಂಗಮ್ಮ ಗಟ್ಟಿಯಾಗಿ ಮಾಡಿದ ಪ್ರಾರ್ಥನೆ

ನನ್ನ ಹೆಸರು ದ್ಯಾಮಕ್ಕ. ದೀಕ್ಷಾಸ್ನಾನದ ದಿನ ಪಾಸ್ಟರು ಮಾರ್ತಮ್ಮ ಎಂದು ಇನ್ನೊಂದು ಹೆಸರಿಟ್ಟರು. ಹಗರಿಬೊಮ್ಮನಹಳ್ಳಿಯಲ್ಲಿ ಆ ಹೆಸರಿನಿಂದ ಒಬ್ಬರೂ ನನ್ನನ್ನು ಕರೆಯಲಿಲ್ಲ, ಕರೆದಿದ್ದರೂ ನಾನು ತಿರುಗಿ ನೋಡುತ್ತಿದ್ದೆನೋ ಇಲ್ಲವೋ. ದೇವರಿಗೆ ನಾನು ಯಾರೆಂದು ಗೊತ್ತು, ಇನ್ನು ಆಧಾರ್ ಕಾರ್ಡ್ ಬದಲಿಸುವ ಉಸಾಬರಿ ಯಾರಿಗೆ ಬೇಕು ಎಂದು ಬಿಟ್ಟೆ. ಇದನ್ನು ಮೊದಲೇ ಹೇಳಲು ಕಾರಣವಿದೆ. ಮುಂದೆ ನಾನು ಸಭೆಯವರನ್ನು ಬೈಯುತ್ತೇನೆ, ದೇವರಿಗೂ ಎರಡು ಮಾತು ಆಡುತ್ತೇನೆ. ಅದಕ್ಕೆ ನನ್ನನ್ನು ನಂಬಿಕೆ ಬಿಟ್ಟವಳೆಂದು ತಿಳಿಯಬೇಡಿ. ನಂಬದವಳಾಗಿದ್ದರೆ ನನಗೆ ಇಷ್ಟು ಮೋಸವೇ ಆಗುತ್ತಿರಲಿಲ್ಲ.

ನನ್ನ ಉದ್ಯೋಗ ರೊಟ್ಟಿ. ಲಗ್ನಗಳಿಗೆ, ಖಾನಾವಳಿಗಳಿಗೆ, ಕೂಡ್ಲಿಗಿ ಕೊಟ್ಟೂರಿನ ಅಂಗಡಿಗಳಿಗೆ ಜೋಳದ ಖಡಕ್ ರೊಟ್ಟಿ ಮಾಡಿ ಕಳಿಸುತ್ತೇನೆ. ಹಿತ್ತಲಲ್ಲಿ ತಗಡು ಹೊದಿಸಿದ ಜಾಗದಲ್ಲಿ ಎರಡು ಒಲೆಗಳಿವೆ. ಒಂದರ ಮುಂದೆ ನಾನು, ಇನ್ನೊಂದರ ಮುಂದೆ ನಾಗಲಿಂಗಮ್ಮ. ಅವಳು ಇಟ್ಟಿಗಿಯ ಕಡೆಯವಳು, ಲಿಂಗ ಕಟ್ಟುವ ಮನೆತನ. ನನಗಿಂತ ಹಿರಿಯಳು, ಮಕ್ಕಳಿಲ್ಲ. ಗಂಡ ಸತ್ತ ಮೇಲೆ ಯೇಸುವನ್ನು ನಂಬಿದಳು, ಅದಕ್ಕೆ ತವರಿನವರು ಬಾಗಿಲು ಮುಚ್ಚಿದರು. ನನ್ನ ಗಂಡ ಸತ್ತಾಗ ನಮ್ಮ ಬಂಧುಬಳಗ ಮಣ್ಣು ಹಾಕಿ, ಉಂಡು, ಹೋಯಿತು. ಪಕ್ಕದಲ್ಲಿ ಬಂದು ಕೂತವಳು ನಾಗಲಿಂಗಮ್ಮ. ನನ್ನನ್ನು ಸಭೆಗೆ ಕರೆದುಕೊಂಡು ಹೋದವಳೂ ಅವಳೇ. ನಾನು ಅವಳನ್ನು ಅಕ್ಕ ಎಂದು ಬಾಯಿ ತುಂಬ ಕರೆಯುತ್ತಿದ್ದೆ.

ನನಗಿರುವವಳು ಒಬ್ಬಳೇ ಮಗಳು, ಸುಮಲತಾ. ಹೈಸ್ಕೂಲಿಗೆ ಹೋಗುವಾಗ ಅವಳಿಗೆ ಮೂರ್ಛೆರೋಗ ಶುರುವಾಯಿತು. ಮೊದಲ ಸಲ ಬಂದಾಗ ಒಲೆಯ ಮುಂದೆಯೇ ಬಿದ್ದಳು, ಕಾದ ಹೆಂಚು ಮುಂಗೈಗೆ ತಾಗಿ ಚರ್ಮ ಸುಲಿದು ಬಂತು. ಅಂದಿನಿಂದ ಅವಳನ್ನು ಬೆಂಕಿಯ ಹತ್ತಿರ ಸೇರಿಸಲಿಲ್ಲ. ಹೊಲಿಗೆ ಮಿಷನ್ ಕೊಡಿಸಿದೆ, ಬ್ಲೌಸ್ ಹೊಲಿಯುತ್ತಾಳೆ. ರೊಟ್ಟಿಯವಳ ಮಗಳು ಒಲೆ ಮುಂದೆ ಕೂಡುವುದೇ ಇಲ್ಲವಲ್ಲ ಎಂದು ಯಾರಾದರೂ ಕೇಳಿದರೆ, ‘ಬಿ.ಎ. ಓದ್ಯಾಳ್ರಿ, ಆಕಿಗೆ ಹೊಗಿ ಆಗಂಗಿಲ್ಲ’ ಎನ್ನುತ್ತಿದ್ದೆ. ಕೈಮೇಲಿನ ಕಲೆ ಏನೆಂದರೆ ಎಣ್ಣೆ ಸಿಡಿಯಿತು ಎನ್ನುತ್ತಿದ್ದೆ. ಬಳ್ಳಾರಿಯ ಡಾಕ್ಟರು ಬರೆದುಕೊಟ್ಟ ಮಾತ್ರೆ ನುಂಗುತ್ತ ಅವಳು ಚೆನ್ನಾಗಿಯೇ ಇದ್ದಳು. ವಿಷಯ ಗೊತ್ತಿದ್ದದ್ದು ನಮ್ಮಿಬ್ಬರನ್ನು ಬಿಟ್ಟರೆ ನಾಗಲಿಂಗಮ್ಮನಿಗೆ ಮಾತ್ರ. ಊರಿನಲ್ಲಿ ಇನ್ನೊಂದು ಜೀವಕ್ಕೆ ಅದರ ವಾಸನೆ ಹತ್ತಿರಲಿಲ್ಲ.

ಹಂಪಸಾಗರದ ಪಕ್ಕೀರಮ್ಮ ತನ್ನ ಮಗ ಮೈಲಾರೇಶನಿಗೆ ಸುಮಳನ್ನು ಕೇಳಿಕೊಂಡು ಬಂದಳು. ಅವರೂ ನಂಬಿಕೆಯ ಮನೆಯವರು. ಹುಡುಗ ಪಂಪ್‌ಸೆಟ್ಟಿನ ಮೋಟರ್ ರಿಪೇರಿ ಮಾಡುತ್ತಾನೆ, ಕುಡಿಯುವುದಿಲ್ಲ, ಮಾತು ಕಡಿಮೆ.

‘ನಮಗ ಜಾತಿ ಬ್ಯಾಡ್ರಿ, ಬಂಗಾರ ಬ್ಯಾಡ್ರಿ. ಪ್ರಾರ್ಥನಿ ಮಾಡೋ ಹುಡುಗಿ ಆದ್ರ ಸಾಕು’ ಎಂದಳು ಪಕ್ಕೀರಮ್ಮ.

ಆ ಮಾತು ಕೇಳಿ ನಾನು ಅಡುಗೆಮನೆಗೆ ಹೋಗಿ ಸೆರಗು ಬಾಯಿಗೊತ್ತಿಕೊಂಡು ಅತ್ತೆ. ಮಗಳಿಗೊಂದು ಮನೆಯಾಗುತ್ತದೆ, ನಾನು ಕಣ್ಣು ಮುಚ್ಚಿದ ಮೇಲೆ ಅವಳು ಬಿದ್ದರೆ ಎತ್ತುವವರಿರುತ್ತಾರೆ. ನಾನು ದೇವರ ಹತ್ತಿರ ಕೇಳಿದ್ದು ಅದೊಂದೇ.

ಮರುದಿನ ಹಿಟ್ಟು ನಾದುತ್ತ ನಾಗಲಿಂಗಮ್ಮ ಮೆಲ್ಲಗೆ ಮಾತು ತೆಗೆದಳು. ‘ಅವರಿಗೆ ಹೇಳಿಬಿಡು ದ್ಯಾಮಿ. ಅಲ್ಲಿ ಹೋದ ಮ್ಯಾಲೆ ಸೊಸಿ ಅಂತ ಒಲಿ ಮುಂದನ ಕುಂದ್ರಸ್ತಾರ.’

‘ಮದುವಿ ಆಗಲಿ, ಆಮ್ಯಾಲ ಹೇಳ್ತೀನಿ.’

‘ಆಮ್ಯಾಲ ಅಂದ್ರ ಯಾವಾಗ?’

‘ಈಗ ಹೇಳಿದ್ರ ಯಾರು ಮಾಡ್ಕೋತಾರ? ನೀನು ಹಡೆದಿಲ್ಲ, ನಿನಗ ತಿಳಿಯಂಗಿಲ್ಲ, ಸುಮ್ಮನ ರೊಟ್ಟಿ ತಟ್ಟು’ ಎಂದೆ. ಅವಳು ಸುಮ್ಮನೆ ತಟ್ಟಿದಳು. ಮತ್ತೆ ಆ ಮಾತು ಎತ್ತಲಿಲ್ಲ.

ನಮ್ಮ ಸಭೆಯಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಹುಡುಗ ಹುಡುಗಿಯ ಹೆಸರು ಓದಿ ಹೇಳುತ್ತಾರೆ. ಅಡ್ಡಿ ಇದ್ದವರು ತಿಳಿಸಬಹುದು ಎನ್ನುತ್ತಾರೆ, ಯಾರೂ ತಿಳಿಸುವುದಿಲ್ಲ. ಅದಾದ ಮೇಲೆ ಪ್ರಾರ್ಥನೆಯ ಹೊತ್ತು. ಎಲ್ಲರೂ ಕಣ್ಣು ಮುಚ್ಚುತ್ತಾರೆ, ಆತ್ಮ ಯಾರನ್ನು ಪ್ರೇರಿಸುತ್ತದೋ ಅವರು ಎದ್ದು ನಿಂತು ಗಟ್ಟಿಯಾಗಿ ಪ್ರಾರ್ಥಿಸುತ್ತಾರೆ. ನಾಗಲಿಂಗಮ್ಮನನ್ನು ಅದು ಒಂದು ವಾರವೂ ಬಿಡದೆ ಪ್ರೇರಿಸುತ್ತಿತ್ತು. ಅವಳ ಪ್ರಾರ್ಥನೆಗೆ ಬಾಗಿಲಿಲ್ಲ, ಅಗುಳಿಯಿಲ್ಲ. ತಿಪ್ಪೇಶನ ಮೂಲವ್ಯಾಧಿ, ಮಂಜಣ್ಣನ ಮನೆಯ ಅತ್ತೆ ಸೊಸೆ ಜಗಳ, ಯಾರದೋ ಎಮ್ಮೆ ಗಬ್ಬ ನಿಲ್ಲದಿದ್ದದ್ದು, ಎಲ್ಲವನ್ನೂ ಹೆಸರು ಸಮೇತ ದೇವರ ಮುಂದೆ ಹರವುತ್ತಿದ್ದಳು. ಊರ ಸುದ್ದಿ ಬೇಕಾದವರು ಪೇಪರ್ ಬಿಟ್ಟು ಈಕೆಯ ಪ್ರಾರ್ಥನೆ ಕೇಳಬೇಕು ಎಂದು ನಾನೇ ಎಷ್ಟೋ ಸಲ ನಕ್ಕಿದ್ದೇನೆ. ಸುಮಳ ವಿಷಯ ಮಾತ್ರ ಅವಳ ಬಾಯಿಗೆ ಬಂದಿರಲಿಲ್ಲ. ಅಷ್ಟು ನಂಬಿದ್ದೆ ಅವಳನ್ನು.

ಎರಡನೆಯ ಭಾನುವಾರ ಪಕ್ಕೀರಮ್ಮ ಮಗನನ್ನು ಕರೆದುಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಳು. ಹೆಸರು ಓದಿದ್ದಾಯಿತು, ಕಣ್ಣು ಮುಚ್ಚಿದ್ದಾಯಿತು. ನಾಗಲಿಂಗಮ್ಮ ಎದ್ದು ನಿಂತಳು.

‘ಕರ್ತನೇ, ನಿನಗ ಸ್ತೋತ್ರ. ಸುಮಲತಾ, ಮೈಲಾರೇಶ ಇಬ್ಬರನ್ನೂ ನಿನ್ನ ಕೈಯಾಗ ಕೊಡ್ತೀವಿ. ಹುಡುಗಿಗೆ ಹೈಸ್ಕೂಲಿನಾಗಿಂದ ಮೂರ್ಛಿ ಬರ್ತೈತಿ, ನಿನಗ ಗೊತ್ತೈತಿ. ದಿನಾ ಮಾತ್ರಿ ನುಂಗ್ತಾಳ. ಬೆಂಕಿ ಮುಂದ ಆಕಿನ್ನ ಒಬ್ಬಾಕಿನ್ನ ಬಿಡಬಾರದು. ಇದನ್ನ ತಿಳಕೊಂಡು ಕೈ ಹಿಡಿಯೋ ಮನಸು ಆ ಹುಡುಗಗ ಕೊಡು, ತಂದೇ.’

ಸಭೆಯವರು ಅಭ್ಯಾಸಬಲದಿಂದ ಆಮೆನ್ ಎಂದುಬಿಟ್ಟರು. ಆಮೇಲೆ ಕಣ್ಣು ಬಿಟ್ಟು ನನ್ನನ್ನು ನೋಡಿದರು. ಸುಮ ತಲೆ ಬಗ್ಗಿಸಿ ಕೂತಿದ್ದಳು.

ಆರಾಧನೆ ಮುಗಿಯುವ ತನಕ ಪಕ್ಕೀರಮ್ಮ ಮಿಸುಕಲಿಲ್ಲ, ಅಷ್ಟು ಮರ್ಯಾದೆ ಇಟ್ಟಳು. ಮುಗಿದ ಮೇಲೆ ನನ್ನ ಮುಂದೆ ಬಂದು ನಿಂತಳು. ‘ಏನ್ರಿ, ದೇವರ ಮನಿಯಾಗ ಕುಂತು ಮುಚ್ಚಿಟ್ರೇನ್ರಿ?’

‘ಮಾತ್ರಿ ತಗೊಂಡ್ರ ಏನೂ ಆಗಂಗಿಲ್ರಿ ಅಕ್ಕಾರ. ಡಾಕ್ಟ್ರು ಹೇಳ್ಯಾರ.’

‘ಆಗಲಿ ಬಿಡ್ರಿ. ಆಕಿ ಸಲುವಾಗಿ ಪ್ರಾರ್ಥನಿ ಮಾಡ್ತೀವಿ’ ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಮೈಲಾರೇಶ ಗೇಟಿನ ಹತ್ತಿರ ಒಮ್ಮೆ ತಿರುಗಿ ನೋಡಿದ, ಆಮೇಲೆ ತಾಯಿಯ ಹಿಂದೆ ನಡೆದ. ಜಾತಿ ಬೇಡ ಬಂಗಾರ ಬೇಡ ಎಂದವರಿಗೆ ಮೂರ್ಛೆಯೂ ಬೇಡವಾಗಿತ್ತು. ಮೂರನೆಯ ಭಾನುವಾರ ಆ ಹೆಸರುಗಳನ್ನು ಯಾರೂ ಓದಲಿಲ್ಲ.

ಆ ಪ್ರಾರ್ಥನೆಯ ಮರುದಿನ, ಸೋಮವಾರ ಬೆಳಿಗ್ಗೆ, ನಾಗಲಿಂಗಮ್ಮ ಏನೂ ಆಗಿಲ್ಲವೆಂಬಂತೆ ಕೆಲಸಕ್ಕೆ ಬಂದಳು. ನಾನು ಅವಳ ರೊಟ್ಟಿ ತಟ್ಟುವ ಹಲಗೆಯನ್ನು ತೆಗೆದು ಬೀದಿಗೆ ಎಸೆದೆ. ‘ನನ್ನ ಕರುಳಿಗೇ ಕೈ ಹಾಕಿದೆಲ್ಲ. ಒಂದ ತಾಟಿನಾಗ ಉಂಡು, ಒಂದ ಒಲಿ ಕಾಸ್ಕೊಂಡು, ಕಣ್ಣು ಮುಚ್ಚಿದಾಗ ಕುತ್ತಿಗಿ ಕೊಯ್ದೆಲ್ಲ. ಇನ್ನ ಈ ಹೊಸ್ತಿಲ ತುಳಿಬ್ಯಾಡ’ ಎಂದೆ. ಇನ್ನೂ ಏನೇನೋ ಅಂದೆ. ಓಣಿಯವರೆಲ್ಲ ಬಾಗಿಲಿಗೆ ಬಂದು ನಿಂತರು.

ಅವಳು ಹಲಗೆ ಎತ್ತಿಕೊಂಡು, ಮಣ್ಣನ್ನು ಸೆರಗಿನಿಂದ ಒರೆಸಿ, ‘ತಪ್ಪಾತು ದ್ಯಾಮಿ’ ಎಂದು ಹೊರಟುಹೋದಳು. ಒಂದು ಕಾರಣ ಹೇಳಲಿಲ್ಲ. ಹೇಳಿದ್ದರೆ ಇನ್ನೊಂದಿಷ್ಟು ಬೈಯಬಹುದಿತ್ತು, ಅದಕ್ಕೂ ಕಲ್ಲು ಹಾಕಿದಳು. ಆಮೇಲೆ ಅವಳು ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಖಾನಾವಳಿಯಲ್ಲಿ ಪಾತ್ರೆ ತಿಕ್ಕಲು ಸೇರಿಕೊಂಡಳೆಂದು ಕೇಳಿದೆ. ಚೆನ್ನಾಗಾಯಿತು ಎಂದುಕೊಂಡೆ.

ಸುದ್ದಿ ಹಡಗಲಿ ತಾಲ್ಲೂಕಿನವರೆಗೂ ಮುಟ್ಟಿತು. ಒಂದು ದಿನ ಇಟ್ಟಿಗಿಯಿಂದ ಪಾಲಮ್ಮ ಎಂಬ ಹೆಂಗಸು ಶಾಲು ಹೊದಿಸಿದ ಮಗಳನ್ನು ಕರೆದುಕೊಂಡು ಮನೆ ಹುಡುಕಿ ಬಂದಳು. ‘ಮೂರ್ಛಿ ಬರೋ ಅಕ್ಕ ಇಲ್ಲೇ ಇರ್ತಾಳೇನ್ರಿ?’ ಎಂದು ಬಾಗಿಲಲ್ಲೇ ಕೇಳಿದಳು. ನನಗೆ ಮೈ ಉರಿಯಿತು. ಬೈದು ಕಳಿಸಬೇಕು ಎನ್ನುವಷ್ಟರಲ್ಲಿ ಸುಮ ಮಿಷನ್ ಬಿಟ್ಟು ಎದ್ದು ಬಂದಳು. ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಮೂರ್ಛೆ ಬಂದಾಗ ಕೈಯಲ್ಲಿ ಕಬ್ಬಿಣದ ಕೀಲಿಕೈ ಹಿಡಿಸಬೇಡಿ, ಮೂಗಿಗೆ ಈರುಳ್ಳಿ ಹಿಡಿಯಬೇಡಿ, ಮಗ್ಗುಲಿಗೆ ಹೊರಳಿಸಿ ಮಲಗಿಸಿ, ದೊಡ್ಡಾಸ್ಪತ್ರೆಗೆ ತೋರಿಸಿ ಎಂದು ತಾಯಿಗೆ ಹೇಳಿದಳು. ತನ್ನ ಕೈಮೇಲಿನ ಕಲೆ ತೋರಿಸಿ, ‘ನೋಡು, ನಾನೂ ಬಿದ್ದೀನಿ. ಎದ್ದೀನಿ’ ಎಂದಳು. ಆ ಮಗು ಶಾಲು ಸರಿಸಿ ಕಲೆಯನ್ನು ಮುಟ್ಟಿ ನೋಡಿತು. ಆಮೇಲೆ ಅಂಥವರು ಆಗೀಗ ಬರತೊಡಗಿದರು, ಎಲ್ಲರೂ ಕದ್ದುಮುಚ್ಚಿ ಬರುವವರೇ. ಅವರು ಹೋದ ಮೇಲೆ ಸುಮ ಮಿಷನ್ ತುಳಿಯುತ್ತ ಹಾಡು ಗುನುಗುತ್ತಿದ್ದಳು. ಮದುವೆ ಮುರಿದುಬಿದ್ದ ಹುಡುಗಿ ಹಾಡುವುದನ್ನು ಕೇಳಿ ನನಗೆ ಸಿಟ್ಟು ಇನ್ನೂ ಏರುತ್ತಿತ್ತು.

ಸಭೆಯಲ್ಲಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ ಇರುತ್ತದೆ. ಯಾರ ಮೇಲಾದರೂ ವೈರ ಇಟ್ಟುಕೊಂಡು ಆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಬಾರದು. ನಾನು ತೆಗೆದುಕೊಳ್ಳುತ್ತಿರಲಿಲ್ಲ, ತಟ್ಟೆ ಬಂದರೆ ಪಕ್ಕದವರಿಗೆ ದಾಟಿಸುತ್ತಿದ್ದೆ. ನಾಗಲಿಂಗಮ್ಮ ತೆಗೆದುಕೊಳ್ಳುತ್ತಿದ್ದಳು, ಅದೂ ಮುಖ ಅರಳಿಸಿಕೊಂಡು. ಕೊನೆಗೊಂದು ದಿನ ತಡೆಯಲಾರದೆ ಪಾಸ್ಟರ್ ಪ್ರವೀಣಕುಮಾರರ ಹತ್ತಿರ ಹೋದೆ. ‘ಅಯ್ಯಾರ, ಮನಿ ಮುರದಾಕಿ ಭೋಜನ ತಗೋತಾಳ, ಮನಿ ಮುರಸ್ಕೊಂಡಾಕಿ ಉಪವಾಸ ಕುಂದ್ರಬೇಕು. ಇದು ಯಾವ ನ್ಯಾಯ?’ ಎಂದೆ.

ಪಾಸ್ಟರು ವಯಸ್ಸಿನಲ್ಲಿ ಚಿಕ್ಕವರು, ಜಗಳ ಎಂದರೆ ಬೆವರುತ್ತಾರೆ. ಹಿರಿಯರಾದ ಮಂಜಣ್ಣ, ತಿಪ್ಪೇಶ ಇಬ್ಬರನ್ನೂ ಕೂರಿಸಿಕೊಂಡು ನಾಗಲಿಂಗಮ್ಮನನ್ನು ಕರೆಸಿದರು. ಹಿರಿಯರಿಗೂ ಅವಳ ಪ್ರಾರ್ಥನೆಯ ಹಳೇ ಉರಿ ಇತ್ತು.

‘ಯಾಕಮ್ಮ ಹಂಗ ಹೇಳಿದೆ?’ ಎಂದು ಮಂಜಣ್ಣ ಕೇಳಿದ.

‘ನನ್ನದ ತಪ್ಪ್ರಿ. ನನ್ನ ಬಾಯಿ ನಿಮಗ ಗೊತ್ತೈತಲ್ರಿ’ ಎಂದಳು. ನನ್ನ ಕಡೆ ನೋಡಲಿಲ್ಲ, ನನ್ನ ಜೊತೆ ಬಂದಿದ್ದ ಸುಮಳ ಕಡೆ ಒಮ್ಮೆ ನೋಡಿದಳು.

ಹಿರಿಯರು ಶಿಕ್ಷೆ ಹೇಳಿದರು. ತಾವು ಹೇಳುವ ತನಕ ನಾಗಲಿಂಗಮ್ಮ ಹಿಂದಿನ ಸಾಲಿನಲ್ಲಿ ಕೂಡಬೇಕು, ಸಭೆಯಲ್ಲಿ ಬಾಯಿಬಿಟ್ಟು ಪ್ರಾರ್ಥನೆ ಮಾಡಬಾರದು. ತವರಿಲ್ಲ, ಮಕ್ಕಳಿಲ್ಲ, ಆ ಪ್ರಾರ್ಥನೆಯೊಂದೇ ಅವಳ ಆಸ್ತಿ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವಳು ‘ಆಗಲ್ರಿ’ ಎಂದು ಕೈಮುಗಿದಳು. ಮುಖದಲ್ಲಿ ಸಣ್ಣ ನಗು ಇತ್ತು. ಆ ನಗು ನೋಡಿ ನನಗೆ ಗೆದ್ದ ಸುಖವೂ ಸಿಗಲಿಲ್ಲ.

ಮುಂದಿನ ಭಾನುವಾರ ಪ್ರಾರ್ಥನೆಯ ಹೊತ್ತಿಗೆ ಸಭೆ ಸಪ್ಪಗಿತ್ತು. ಕಣ್ಣು ತೆರೆದು ಹಿಂದೆ ನೋಡಿದೆ. ನಾಗಲಿಂಗಮ್ಮ ಗೋಡೆಗೆ ಒರಗಿ ಕೂತಿದ್ದಳು, ಕಣ್ಣು ಮುಚ್ಚಿತ್ತು, ತುಟಿಗಳು ಮಾತ್ರ ಸದ್ದಿಲ್ಲದೆ ಆಡುತ್ತಿದ್ದವು. ನನ್ನ ಪಕ್ಕದಲ್ಲಿ ಸುಮ ಬಿಕ್ಕುತ್ತಿದ್ದಳು. ಮನೆಗೆ ಬಂದು ಬಾಗಿಲು ಹಾಕಿದವಳೇ ನನ್ನ ಕಾಲ ಹತ್ತಿರ ಕೂತಳು.

‘ಅವ್ವ, ದೊಡ್ಡವ್ವಂದು ತಪ್ಪಿಲ್ಲ. ನಾನ ಹೇಳಿಸಿದ್ದು.’

‘ಏನು ಹೇಳಿಸಿದ್ದು?’

‘ಆ ಪ್ರಾರ್ಥನಿ. ಮೈಲಾರೇಶಗ ಫೋನಿನ್ಯಾಗ ಹೇಳಾಕ ಎಷ್ಟೋ ಸಲ ನೋಡಿದೆ, ಬಾಯಿ ಬರಲಿಲ್ಲ. ನಿನಗ ಹೇಳಬೇಕಂದ್ರ ನೀ ಅಷ್ಟು ಖುಷಿಯಾಗಿದ್ದಿ. ಅದಕ್ಕ ದೊಡ್ಡವ್ವನ ಕಾಲು ಹಿಡದೆ. ದೊಡ್ಡವ್ವ, ನೀನು ಎಲ್ಲಾರ ಸುದ್ದೀನೂ ಪ್ರಾರ್ಥನ್ಯಾಗ ಹೇಳ್ತಿ, ನಂದೂ ಹೇಳಿಬಿಡು, ಯಾರಿಗೂ ಸಂಶಯ ಬರಂಗಿಲ್ಲ ಅಂದೆ. ಆಕಿ ಒಲ್ಲೆ ಅಂದ್ಲು. ನಾನು ಆ ಮನಿಗೆ ಹೋಗಿ ಸುಟ್ಟುಕೊಂಡು ಸತ್ರ ಆವಾಗೇನು ಮಾಡ್ತಿ ಅಂತ ಕೇಳಿದೆ. ಅವ್ವಗ ಹೇಳಬ್ಯಾಡ ಅಂತ ಆಣಿ ಹಾಕಿಸಿದೆ.’

ನಾಗಲಿಂಗಮ್ಮ ಮೋಸ ಮಾಡಿದಳೆಂದು ಇಷ್ಟು ದಿನ ಹಲ್ಲು ಕಡಿದಿದ್ದೆ. ಈಗ ನೋಡಿದರೆ ಹೊಟ್ಟೆಯಲ್ಲಿ ಹುಟ್ಟಿದವಳೇ ಮಾಡಿದ್ದಳು. ಅವಳಿಗೆ ರೋಗದ ಹೆದರಿಕೆಗಿಂತ ನನ್ನ ಹೆದರಿಕೆ ದೊಡ್ಡದಾಗಿತ್ತು. ಇಡೀ ಸಭೆಯ ಮುಂದೆ ಹೇಳಿಸಿದ್ದನ್ನು ಹೆತ್ತವಳ ಮುಂದೆ ಹೇಳಲು ಅವಳಿಗೆ ಆಗಲಿಲ್ಲ. ಇದು ನನ್ನ ಎದೆಗೆ ಹೆಂಚಿನ ಹಾಗೆ ಕಾದು ತಾಗಿತು.

‘ನಿನ್ನ ಜೀವನ ನೀನ ಹಾಳು ಮಾಡ್ಕೊಂಡ್ಯಲ್ಲೇ’ ಎಂದೆ.

‘ಹಾಳಾಗಿಲ್ಲವ್ವ. ಮೊದಲು ಬಿದ್ರ ಯಾರಾದ್ರೂ ನೋಡ್ತಾರಂತ ಜೀವ ಹೋಗ್ತಿತ್ತು. ಈಗ ಎಲ್ಲಾರಿಗೂ ಗೊತ್ತೈತಿ, ನನಗ ಹಗೂರ ಆಗೈತಿ. ಆ ಪಾಲಮ್ಮನ ಮಗಳು ಈಗ ಸಾಲಿಗೆ ಹೊಂಟಾಳ. ಈ ರೋಗ ಯಾಕ ಕೊಟ್ಟೆ ಅಂತ ದೇವರನ್ನ ದಿನಾ ಕೇಳ್ತಿದ್ದೆ. ಈಗ ಇದಕ್ಕೂ ಒಂದು ಕೆಲಸ ಸಿಕ್ಕೈತಿ.’

ನಾನು ಎದ್ದು ನೆಟ್ಟಗೆ ನಾಗಲಿಂಗಮ್ಮನ ಮನೆಗೆ ಹೋದೆ. ಅವಳು ಹೊಸ್ತಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಪಾತ್ರೆ ತಿಕ್ಕಿ ತಿಕ್ಕಿ ಬೆರಳ ಸಂದುಗಳು ಕೊಳೆತಿದ್ದವು. ಒಳಗೆ ಅದೇ ಹಲಗೆಯನ್ನು ತೊಳೆದು ಗೋಡೆಗೆ ಒರಗಿಸಿಟ್ಟಿದ್ದಳು.

‘ಹುಡುಗಿ ಹೇಳಿದ್ಲು’ ಎಂದೆ.

‘ಹೇಳಿದ್ಲಾ? ಪಾಪ, ತಡಕೊಳ್ಳಾಕ ಆಗಿಲ್ಲ ನೋಡು.’

‘ನೀ ಯಾಕ ಬೈಸ್ಕೊಂಡಿ? ಬೀದಿಯಾಗ ಅಷ್ಟು ಅಂದೆನಲ್ಲ, ಒಂದು ಮಾತು ಯಾಕ ಹೇಳಲಿಲ್ಲ?’

ಅವಳು ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. ‘ಆ ಬೈಗಳು ಆಕಿಗೆ ಬೀಳಬೇಕಾಗಿದ್ವು ದ್ಯಾಮಿ. ನನಗ ಬಿದ್ದವು. ನೀ ಬೈದಂಗೆಲ್ಲ ನೋವೂ ಆತು, ಇಷ್ಟು ಆ ಕೂಸಿಗೆ ತಪ್ಪಿತಲ್ಲ ಅಂತ ಖುಷೀನೂ ಆತು. ನಮ್ಮ ಸ್ವಾಮಿ ಬ್ಯಾರೆಯವರದು ಹೊತ್ತಾನ ಅಂತ ಎಷ್ಟು ವರ್ಷ ಕೇಳೀನಿ. ನನಗೂ ಒಂದು ಹೊರಾಕ ಸಿಕ್ತಲ್ಲ ಅಂತ ಪಾತ್ರಿ ತಿಕ್ಕೋವಾಗ ನಗು ಬರ್ತಿತ್ತು. ಹಡೆಯದಾಕಿಗೆ ಹಡೆದಾಕಿ ಸಂಕಟ ಒಂದಿಷ್ಟು ಗೊತ್ತಾತು.’

ಕೊನೆಯ ಮಾತನ್ನು ಅವಳು ಚುಚ್ಚಿ ಹೇಳಲಿಲ್ಲ. ಅದಕ್ಕೇ ಅದು ಹೆಚ್ಚು ಚುಚ್ಚಿತು.

‘ಭಾಳ ಚಲೋ ಆತು’ ಎಂದೆ. ‘ಆಕಿಗೂ ಖುಷಿ, ನಿನಗೂ ಖುಷಿ. ನನಗೇನು ಇಟ್ರಿ?’ ಅಷ್ಟು ಹೇಳಿ ತಿರುಗಿ ಬಂದೆ. ದಾರಿಯುದ್ದಕ್ಕೂ ಕಣ್ಣು ಒರೆಸಿಕೊಂಡೆ. ಇಬ್ಬರೂ ಕೂಡಿ ನೋವಿನಲ್ಲಿ ಸಂತೋಷ ಹುಡುಕಿಕೊಂಡಿದ್ದರು, ನೋವನ್ನಷ್ಟೇ ನನ್ನ ಪಾಲಿಗೆ ಬಿಟ್ಟಿದ್ದರು. ದೇವರೂ ಅವರ ಕಡೆಗೇ ಇದ್ದ. ಎಲ್ಲ ಗೊತ್ತಿದ್ದೂ ನನ್ನ ಕಿವಿಯಲ್ಲಿ ಒಂದು ಮಾತು ಹಾಕಲಿಲ್ಲ ಅವನು.

ವಾರವೆಲ್ಲ ಒಬ್ಬಳೇ ರೊಟ್ಟಿ ಮಾಡಿದೆ. ಎರಡನೆಯ ಒಲೆಯ ಬಾಯಲ್ಲಿ ಬೆಕ್ಕು ಮಲಗುತ್ತಿತ್ತು. ರಟ್ಟೆ ಸೋತಾಗ ‘ಅಕ್ಕ, ಸ್ವಲ್ಪ ನೀ ತಟ್ಟು’ ಎಂದು ಬಾಯಿಗೆ ಬಂದುಬಿಡುತ್ತಿತ್ತು. ಸಿಟ್ಟು ಕಮ್ಮಿಯಾಗಲಿಲ್ಲ. ಆದರೆ ಒಂದು ಮಾತು ಮಾತ್ರ ಗಂಟಲಲ್ಲಿ ಮುಳ್ಳಾಗಿ ಕೂತಿತು. ಸಭೆಯವರೆಲ್ಲ ಅವಳನ್ನು ಬಾಯಿಹಗುರದವಳು ಎಂದು ತಿಳಿದಿದ್ದರು, ಹಾಗೆ ತಿಳಿಯುವಂತೆ ಮಾಡಿದವಳು ನಾನು.

ಭಾನುವಾರ ಎಲ್ಲರೂ ಕಣ್ಣು ಮುಚ್ಚಿದರು. ಅಷ್ಟು ವರ್ಷಗಳಲ್ಲಿ ಒಂದು ದಿನವೂ ಗಟ್ಟಿಯಾಗಿ ಪ್ರಾರ್ಥಿಸದ ನಾನು ಎದ್ದು ನಿಂತೆ. ಸುಮ ನನ್ನ ಸೀರೆ ಹಿಡಿದು ಎಳೆದಳು, ಕೊಸರಿಕೊಂಡೆ.

‘ಕರ್ತನೇ, ನಾನು ದ್ಯಾಮಕ್ಕ. ನಿನ್ನ ಹತ್ರ ಒಂದು ದೂರು ತಂದೀನಿ. ಆ ದಿನದ ಪ್ರಾರ್ಥನಿ ನನ್ನ ಮಗಳು ಸುಮಲತಾನ ಹೇಳಿಸ್ಯಾಳ. ನಾಗಲಿಂಗಕ್ಕ ಹೇಳ್ಯಾಳ. ಇಬ್ಬರೂ ಕೂಡಿ ನನಗ ಮೋಸ ಮಾಡ್ಯಾರ. ಈಕಿ ಬಾಯಿ ಹಗೂರ ಅಂತ ಹಿರಿಯರು ಶಿಕ್ಷಾ ಕೊಟ್ಟಾರ. ಹಗೂರಲ್ಲ ತಂದೇ ಆ ಬಾಯಿ. ನಾನು ಬೀದಿಯಾಗ ನಿಂದ್ರಿಸಿ ಬೈದ್ರೂ, ಹಿರಿಯರು ಕುಂದ್ರಿಸಿ ಕೇಳಿದ್ರೂ, ನನ್ನ ಮಗಳ ಹೆಸರು ಆ ಬಾಯಿಂದ ಬಿದ್ದಿಲ್ಲ. ನನ್ನ ಮಗಳು ನನಗ ಹೆದರಿ ಆಕಿ ಸೆರಗಿನಾಗ ಹೊಕ್ಕೊಂಡ್ಲಲ್ಲ, ಅದು ನನಗ ಇನ್ನೂ ಉರಿತೈತಿ. ಸಿಟ್ಟು ಹೋಗಿಲ್ಲ. ಹೋಗೈತಿ ಅಂತ ನಿನ್ನ ಮುಂದ ಸುಳ್ಳು ಹೇಳಂಗಿಲ್ಲ. ಅವರಿಗೆ ಕೊಟ್ಟ ಖುಷಿಯೊಳಗ ನನಗೂ ಒಂದು ತುತ್ತು ಇಟ್ಟಿದ್ರ ಕೊಡು, ಇಲ್ಲಂದ್ರ ಬಿಡು. ನಾಳೆ ಹರಪನಹಳ್ಳಿ ಲಗ್ನದ ರೊಟ್ಟಿ ಅದಾವ. ಒಬ್ಬಾಕಿ ಕೈಲೆ ಆಗಂಗಿಲ್ಲ ಅಂತ ನಿನಗ ಗೊತ್ತೈತಿ. ಎರಡನೇ ಒಲಿ ಆರಿ ಭಾಳ ದಿನ ಆತು. ಆಮೆನ್.’

ಯಾರೂ ಆಮೆನ್ ಅನ್ನಲಿಲ್ಲ. ಇಂಥ ಪ್ರಾರ್ಥನೆಗೆ ಆಮೆನ್ ಅನ್ನಬೇಕೋ ಬೇಡವೋ ಪಾಸ್ಟರಿಗೇ ತಿಳಿದ ಹಾಗಿರಲಿಲ್ಲ. ನಾನು ಕಣ್ಣು ಮುಚ್ಚಿಕೊಂಡೇ ನಿಂತಿದ್ದೆ. ಆಗ ಹಿಂದಿನ ಸಾಲಿನಿಂದ, ಗೋಡೆಯ ಹತ್ತಿರದಿಂದ, ಮಾತಾಡಬಾರದೆಂದು ಕಟ್ಟಪ್ಪಣೆಯಾಗಿದ್ದ ಆ ಬಾಯಿ ಎಂದಿನಂತೆ ಗಟ್ಟಿಯಾಗಿ ತೆರೆಯಿತು.

‘ಆಮೆನ್. ಹಲಗಿ ತರ್ತೀನಿ, ಕರ್ತನೇ.’